ಅಳಿಸಿಹೋದ ಫೈಲು: ಮೊದಲು ಕೈ ತಡೆಯಿರಿ

ಈಗ ಒಕ್ಕಲುತನದ ಕಾಗದಪತ್ರ ಅರ್ಧಕ್ಕರ್ಧ ಮೊಬೈಲಿನಲ್ಲೇ ಇರುತ್ತದೆ. ಬೆಳೆಹಾನಿಯ ಫೋಟೊ, ಬೋರ್ ಹೊಡೆಸಿದ ಬಿಲ್ಲು, ಸಂಘದ ಲೆಕ್ಕ, ಬದುವಿನ ಮೇಲೆ ನಿಂತು ತೆಗೆದ ಹೊಲದ ಚಿತ್ರ, ಎಲ್ಲ ಅಲ್ಲೇ. ಒಂದು ಬೆರಳು ಎಡವಿದರೆ ಎಲ್ಲ ಅಳಿಸಿಹೋಗುತ್ತದೆ. ಇನ್ನೊಂದು ಪ್ರತಿ ತೆಗೆದಿಡದೆ ಇದ್ದರೆ ಮುಂದೇನು? ಈ ಸಲ ಅದನ್ನೇ ಬರೆದಿದ್ದೇನೆ.

ನನ್ನ ಓದು ಏಳನೇ ಇಯತ್ತೆಯವರೆಗೆ. ಮುಧೋಳ ತಾಲೂಕಿನಲ್ಲಿ ಮಳೆ ನಂಬಿದ ಎರಿ ಹೊಲ, ಹಿಂಗಾರಿಗೆ ಬಿಳಿಜೋಳ, ಕಡಲೆ. ಕಂಪ್ಯೂಟರು ನನ್ನ ಕಸುಬಲ್ಲ. ಅಕ್ಕನ ಮಗ ಮುಧೋಳದಲ್ಲಿ ಝೆರಾಕ್ಸ್ ಮತ್ತು ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ. ಸಂತೆಗೆ ಹೋದಾಗ ಅಲ್ಲಿ ಕೂತು, ನೋಡಿ, ಕೇಳಿ ಕಲಿತದ್ದು ಇದು. ಮೂರು ಪ್ರಸಂಗ ನನ್ನ ಕಣ್ಣೆದುರಿಗೇ ನಡೆದವು. ಮೂರರ ಫಲವೂ ಬೇರೆ ಬೇರೆ. ಯಾಕೆ ಬೇರೆ ಎಂಬುದನ್ನು ತಿಳಿದರೆ ಪಾಠ ತಿಳಿದಂತೆ.

ಅಳಿಸಿದಾಗ ಒಳಗೆ ಆಗುವುದೇನು?

ಮೆಮೊರಿ ಕಾರ್ಡು ಅಥವಾ ಹಳೆಯ ಮಾದರಿಯ ಹಾರ್ಡ್ ಡಿಸ್ಕನ್ನು ಒಂದು ದೊಡ್ಡ ಹೊಲ ಅಂತ ತಿಳಿಯಿರಿ. ಅದರಲ್ಲಿ ಲಕ್ಷಗಟ್ಟಲೆ ಸಣ್ಣ ಸಣ್ಣ ತುಂಡು. ಯಾವ ಫೈಲು ಯಾವ ತುಂಡಿನಲ್ಲಿದೆ ಎಂದು ಬರೆದಿಡುವ ದಫ್ತರವೂ ಒಂದು ಮೂಲೆಯಲ್ಲಿ ಇರುತ್ತದೆ. ನಾವು ಅಳಿಸು ಎಂದಾಗ ಯಂತ್ರ ಹೊಲ ಹರಗುವುದಿಲ್ಲ. ದಫ್ತರದಲ್ಲಿ ಆ ಸಾಲಿನ ಮೇಲೆ ಗೀಟು ಎಳೆದು, ಈ ಜಾಗ ಖಾಲಿ ಎಂದು ಬರೆದುಕೊಳ್ಳುತ್ತದೆ, ಅಷ್ಟೆ. ಬೆಳೆ ನಿಂತಲ್ಲೇ ನಿಂತಿರುತ್ತದೆ.

ಕ್ಯಾಮೆರಾದ 32 ಜಿಬಿವರೆಗಿನ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಫ್ಯಾಟ್-32 ಎಂಬ ಪದ್ಧತಿ ಇರುತ್ತದೆ. ಅದರಲ್ಲಿ ಫೈಲು ಅಳಿಸಿದಾಗ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ಗುರುತು ಬೀಳುತ್ತದೆ. ಫೈಲಿನ ತುಂಡುಗಳನ್ನು ಜೋಡಿಸುವ ಕೊಂಡಿ ಕಳಚುತ್ತದೆ. ಫೋಟೊ ಮಾತ್ರ ಹಾಗೇ ಇರುತ್ತದೆ.

ಆದರೆ ಖಾಲಿ ಎಂದು ಬರೆದ ಮೇಲೆ ಆ ಜಾಗದಲ್ಲಿ ಹೊಸ ಫೈಲು ಬಂದು ಕೂರಬಹುದು. ಹಾಗೆ ಕೂತರೆ ಹಳೆಯದು ಹೋಯಿತು, ಯಾರ ಕೈಯಿಂದಲೂ ಮರಳಿ ಬರುವುದಿಲ್ಲ. ಅದಕ್ಕೇ ನನ್ನ ಅಳಿಯ ಅಂಗಡಿಗೆ ಬಂದವರಿಗೆಲ್ಲ ಮೊದಲು ಹೇಳುವುದು ಒಂದೇ ಮಾತು: "ಆದದ್ದು ಆತು, ಇನ್ನ ಅದರಾಗ ಏನೂ ಬಿತ್ತಬ್ಯಾಡ್ರಿ."

ಬೀಳಗಿಯ ಕಾರ್ಡು: ಬಹುಪಾಲು ಬಂತು

ಆಲಮಟ್ಟಿ ಜಲಾಶಯದಲ್ಲಿ 519.6 ಮೀಟರ್ ಮಟ್ಟಕ್ಕೆ ನೀರು ನಿಂತು ಬೀಳಗಿ ತಾಲೂಕಿನ ಎಷ್ಟೋ ಊರುಗಳು ಜಾಗ ಬಿಟ್ಟವು. ನಮ್ಮ ಬೀಗರದೂ ಅಂಥ ಊರು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೇ ಊರಿನ ಗೋಡೆ, ಬಾವಿಕಟ್ಟೆ ಮೇಲೆ ಕಾಣುತ್ತವೆ. ಒಂದು ಬೇಸಿಗೆ ಅವರು ತಮ್ಮ ತಂದೆಯನ್ನು ಕರೆದುಕೊಂಡು ಹೋಗಿದ್ದರು. ಮುದುಕರು ಪಡಸಾಲೆ ಇಲ್ಲಿತ್ತು, ಹಗೇವು ಇಲ್ಲಿತ್ತು ಎಂದು ಕೈಮಾಡಿ ತೋರಿಸಿದ್ದನ್ನೆಲ್ಲ ಫೋಟೊ ತೆಗೆದಿದ್ದರು. ಈಗ ಆ ಮುದುಕರಿಲ್ಲ. ಗೋಡೆಗಳೂ ವರ್ಷಕ್ಕಿಷ್ಟು ಕರಗುತ್ತಿವೆ. ಆ ಫೋಟೊ ಮತ್ತೆ ತೆಗೆಯಲು ಬರುವಂಥದ್ದಲ್ಲ.

ಮನೆಯ ಹುಡುಗನೊಬ್ಬ ಕ್ಯಾಮೆರಾದಲ್ಲಿ ಎಲ್ಲ ಅಳಿಸು ಎಂಬುದನ್ನು ಒತ್ತಿಬಿಟ್ಟ. ಗೊತ್ತಾಗುವ ಮೊದಲು ಅದೇ ಕಾರ್ಡಿನಲ್ಲಿ ಒಂದು ನಿಶ್ಚಯ ಕಾರ್ಯದ ಸುಮಾರು 40 ಫೋಟೊ ತೆಗೆದಿದ್ದರು. ಅಂಗಡಿಯಲ್ಲಿ ಮಾಡಿದ ಕೆಲಸ ಇಷ್ಟು:

1. ಕ್ಯಾಮೆರಾ ಬಂದ್ ಮಾಡಿ ಕಾರ್ಡು ಹೊರಗೆ ತೆಗೆದದ್ದು. ಸಣ್ಣ ಕಾರ್ಡು ಹಾಕುವ ದೊಡ್ಡ ಕವಚದ ಪಕ್ಕದಲ್ಲಿ ಒಂದು ಜಾರುವ ಗುಂಡಿ ಇರುತ್ತದೆ. ಅದನ್ನು ಲಾಕ್ ಕಡೆಗೆ ಸರಿಸಿದರೆ ಕಾರ್ಡಿನ ಮೇಲೆ ಹೊಸದು ಬರೆಯುವುದು ನಿಲ್ಲುತ್ತದೆ.

2. ಕಂಪ್ಯೂಟರಿಗೆ ಹಾಕಿದಾಗ ಕೆಲವು ಕಾರ್ಡುಗಳಿಗೆ "ಫಾರ್ಮ್ಯಾಟ್ ಮಾಡಲೇ?" ಎಂದು ಕೇಳುತ್ತದೆ. ಬೇಡ ಎನ್ನಬೇಕು.

3. ಹುಡುಕುವ ಪ್ರೋಗ್ರಾಮನ್ನು ಕಂಪ್ಯೂಟರಿನಲ್ಲಿ ಹಾಕಿಕೊಳ್ಳಬೇಕು, ಆ ಕಾರ್ಡಿನಲ್ಲಿ ಅಲ್ಲ. ಅಳಿಯ ಬಳಸಿದ್ದು ಫೋಟೊರೆಕ್. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ಎಂಬುವರು ಮಾಡಿದ್ದು, ಪುಕ್ಕಟೆ. ರೆಕುವಾ ಎಂಬುದೂ ಇದೆ. ಮೈಕ್ರೊಸಾಫ್ಟ್‌ನವರೇ 2020ರಲ್ಲಿ ವಿಂಡೋಸ್ ಫೈಲ್ ರಿಕವರಿ ಎಂಬುದನ್ನು ಪುಕ್ಕಟೆ ಕೊಟ್ಟರು. ಅದಕ್ಕೆ ಆಜ್ಞೆಗಳನ್ನು ಟೈಪ್ ಮಾಡಬೇಕು, ರೂಢಿ ಇದ್ದವರಿಗೆ ಸರಿ.

4. ಸಿಕ್ಕ ಫೈಲುಗಳನ್ನು ಬೇರೆ ಡಿಸ್ಕಿನಲ್ಲೇ ಉಳಿಸಬೇಕು. ಅದೇ ಕಾರ್ಡಿನಲ್ಲಿ ಉಳಿಸಿದರೆ ಇನ್ನೂ ಹುಡುಕಬೇಕಾದ ಫೋಟೊ ಮೇಲೆಯೇ ಬಿತ್ತಿದಂತೆ.

5. ಅವಸರ ಮಾಡಬಾರದು. ದೊಡ್ಡ ಕಾರ್ಡಿಗೆ ತಾಸುಗಟ್ಟಲೆ ಹಿಡಿಯುತ್ತದೆ.

ಫೋಟೊರೆಕ್ ದಫ್ತರವನ್ನು ನಂಬಿ ಕೂರುವುದಿಲ್ಲ, ಹೊಲದಲ್ಲೇ ನಡೆದು ನೋಡುತ್ತದೆ. ಬಿತ್ತಿದ ಲೆಕ್ಕ ನೋಡದೆಯೂ ಸಸಿ ಕಂಡೊಡನೆ ಇದು ಕುಸುಬಿ, ಇದು ಕಡಲೆ ಎಂದು ನಾವು ಹೇಳುವುದಿಲ್ಲವೇ? ಹಾಗೆ ಪ್ರತಿ ಜಾತಿಯ ಫೈಲಿಗೂ ಮೊದಲಲ್ಲೇ ಒಂದು ಗುರುತು ಇರುತ್ತದೆ. ಅದನ್ನು ಹಿಡಿದು ಎತ್ತುತ್ತದೆ. ಅದಕ್ಕೇ ಹಳೆಯ ಹೆಸರು ಬರುವುದಿಲ್ಲ, ಬರೀ ನಂಬರ್ ಬರುತ್ತದೆ. ಆದರೆ ಫೋಟೊ ತೆಗೆದ ದಿನ, ವೇಳೆ ಆ ಫೈಲಿನ ಒಳಗೇ ಇರುವುದರಿಂದ ಅದು ಸಿಗುತ್ತದೆ.

ಬೀಗರಿಗೆ 300ರಷ್ಟು ಫೋಟೊ ಪೂರ್ತಿ ಬಂದವು. ನಿಶ್ಚಯದ ಫೋಟೊ ಕೂತ ಜಾಗದಲ್ಲಿದ್ದವು ಹೋದವು. ಕೆಲವು ಅರ್ಧ ಚಿತ್ರ, ಅರ್ಧ ಬೂದಿಬಣ್ಣ ಬಂದವು. ಒಂದೇ ಮನೆತನದ ಹೊಲ ಮೂರು ಸರ್ವೆ ನಂಬರಿನಲ್ಲಿ ಹರಿದು ಹಂಚಿರುವಂತೆ ಫೈಲು ಕೂಡ ತುಂಡು ತುಂಡಾಗಿ ಇರಬಹುದು. ಒಂದು ತುಂಡು ಸಿಕ್ಕು ಇನ್ನೊಂದು ಸಿಗದಿದ್ದರೆ ಹೀಗಾಗುತ್ತದೆ. ತಂದೆಯವರು ಬಾವಿಕಟ್ಟೆಯ ಮೇಲೆ ಕೂತ ಫೋಟೊ ಪೂರ್ತಿ ಬಂತು. ಆ 40 ಫೋಟೊ ತೆಗೆಯದೆ ಇದ್ದಿದ್ದರೆ ಉಳಿದವೂ ಬರುತ್ತಿದ್ದವು.

ಜಮಖಂಡಿಯ ಮೊಬೈಲು: ಬೇರೆ ಕಡೆ ಸಿಕ್ಕವು

2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ ಎರಡೂ ಉಕ್ಕಿ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಭಾಗದ ಹೊಲ ಮುಳುಗಿದ್ದು ನಿಮಗೆಲ್ಲ ನೆನಪಿದೆ. ಜಮಖಂಡಿ ಕಡೆಯ ನದಿದಂಡೆಯ ಗೆಳೆಯರೊಬ್ಬರು ನೀರಲ್ಲಿ ನಿಂತ ಕಬ್ಬು, ಬಿದ್ದ ಮನೆ ಎಲ್ಲದರ ಫೋಟೊ ತೆಗೆದಿಟ್ಟಿದ್ದರು. ಮುಂದೆ ಎಂದೋ ಜಾಗ ತುಂಬಿತೆಂದು ಮಗ ಅಳಿಸಿದ. ಒಂದು ಅಂಗಡಿಯವರು ತೆಗೆದುಕೊಡುತ್ತೇವೆಂದು ಮುಂಗಡ ಹಣ ಪಡೆದರು. ಏನೂ ಬರಲಿಲ್ಲ, ಹಣವೂ ಮರಳಲಿಲ್ಲ.

ಅದು ಬರುವುದು ಕಷ್ಟವೇ ಇತ್ತು. ಈಗಿನ ಮೊಬೈಲುಗಳ ಒಳ ಮೆಮೊರಿಯಲ್ಲಿ ಎಲ್ಲವನ್ನೂ ಬೀಗ ಹಾಕಿದಂತೆ ಗುಪ್ತಲಿಪಿಯಲ್ಲಿ ಬರೆದಿರುತ್ತದೆ. ಫೈಲು ಅಳಿಸಿದಾಗ ಅದರ ಬೀಗದ ಕೈಯೂ ಹೋಗುತ್ತದೆ. ಆಮೇಲೆ ಆ ಅಕ್ಷರ ಸಿಕ್ಕರೂ ಓದಲು ಬರುವುದಿಲ್ಲ. ಅಳಿಸಿದ್ದನ್ನೆಲ್ಲ ತಂದುಕೊಡುತ್ತೇವೆ ಎನ್ನುವ ಮೊಬೈಲ್ ಆಪ್‌ಗಳು ಹೆಚ್ಚೆಂದರೆ ಸಣ್ಣ ಮಬ್ಬು ಚಿತ್ರ ತೋರಿಸುತ್ತವೆ. ಆಪ್ ಹಾಕಿಕೊಳ್ಳುವುದೇ ಹೊಸ ಬಿತ್ತನೆ ಎಂಬುದನ್ನೂ ಮರೆಯಬೇಡಿ.

ಮೊಬೈಲಿನಲ್ಲಿ ನೋಡಬೇಕಾದ ಜಾಗ ಬೇರೆ. ಮೊದಲು ಗ್ಯಾಲರಿಯ ಕಸದ ಬುಟ್ಟಿ. ಬಹಳ ಮೊಬೈಲುಗಳಲ್ಲಿ ಅಳಿಸಿದ ಫೋಟೊ 30 ದಿನ ಅಲ್ಲಿರುತ್ತದೆ. ಗೂಗಲ್ ಫೋಟೋಸ್‌ಗೆ ಏರಿಸಿದ ಫೋಟೊ ಆದರೆ ಅದರ ಬುಟ್ಟಿಯಲ್ಲಿ 60 ದಿನ. ಆಮೇಲೆ ವಾಟ್ಸಾಪ್. ಯಾರಿಗೆ ಕಳಿಸಿದ್ದಿರೋ ಅವರ ಹತ್ತಿರ ಇರಬಹುದು. ನಮ್ಮ ಗೆಳೆಯರಿಗೆ 11 ಫೋಟೊ ಪುಣೆಯಲ್ಲಿದ್ದ ತಮ್ಮನ ಮೊಬೈಲಿನಲ್ಲಿ ಸಿಕ್ಕವು. ಹಾಗೆ ಸಿಕ್ಕದ್ದರಲ್ಲಿ ಕುಂದೂ ಇದೆ: ವಾಟ್ಸಾಪ್ ಫೋಟೊವನ್ನು ಸಣ್ಣದು ಮಾಡುತ್ತದೆ, ಒಳಗಿನ ತಾರೀಖು ತೆಗೆದುಹಾಕುತ್ತದೆ. ಕಳಿಸಿದ ದಿನ ಮಾತ್ರ ಆ ಮಾತುಕತೆಯಲ್ಲಿ ಉಳಿದಿರುತ್ತದೆ. ಇನ್ನು ಮುಂದೆ ಮುಖ್ಯವಾದದ್ದನ್ನು ಡಾಕ್ಯುಮೆಂಟ್ ಎಂದು ಕಳಿಸಿರಿ, ಇದ್ದದ್ದು ಇದ್ದಂತೆ ಹೋಗುತ್ತದೆ.

ಬನಹಟ್ಟಿಯ ಲ್ಯಾಪ್‌ಟಾಪು: ಬಟ್ಟೆಯಿಂದ ಬಂತು

ಬನಹಟ್ಟಿಯಲ್ಲಿ ಮಗ್ಗ ಇಟ್ಟ ಪರಿಚಯದವರೊಬ್ಬರ ಮನೆಯಲ್ಲಿ ಸೀರೆ ಅಂಚಿನ ಡಿಜೈನ್ ಫೈಲುಗಳು ಅಳಿಸಿದವು. ಕಂಪ್ಯೂಟರಿನಲ್ಲಿ ಅಳಿಸಿದ್ದು ರೀಸೈಕಲ್ ಬಿನ್‌ನಲ್ಲಿ ಇರಬೇಕು. ಆದರೆ ಶಿಫ್ಟ್ ಗುಂಡಿ ಹಿಡಿದು ಅಳಿಸಿದರೆ ಅಲ್ಲಿಗೆ ಹೋಗುವುದಿಲ್ಲ. ಪೆನ್‌ಡ್ರೈವಿನಿಂದ ಅಳಿಸಿದ್ದೂ ಸಾಮಾನ್ಯವಾಗಿ ಅಲ್ಲಿ ಸಿಗುವುದಿಲ್ಲ.

ಅವರ ಲ್ಯಾಪ್‌ಟಾಪು ಹೊಸದು, ಒಳಗೆ ತಿರುಗುವ ಡಿಸ್ಕಿಲ್ಲ, ಎಸ್‌ಎಸ್‌ಡಿ ಇದೆ. ಇದರ ನಡತೆ ಬೇರೆ. ಫೈಲು ಅಳಿಸಿದೊಡನೆ ಕಂಪ್ಯೂಟರು ಇಂಥ ಜಾಗ ಖಾಲಿ ಎಂದು ಡಿಸ್ಕಿಗೆ ತಿಳಿಸುತ್ತದೆ. ಇದಕ್ಕೆ ಟ್ರಿಮ್ ಎನ್ನುತ್ತಾರೆ. ಡಿಸ್ಕು ತಾನೇ ಆ ಜಾಗ ಹಸನು ಮಾಡಿಕೊಳ್ಳುತ್ತದೆ. ರಾಶಿ ಮಾಡಿದ ಸಂಜೆಯೇ ಹೊಲಕ್ಕೆ ದನ ಬಿಟ್ಟಂತೆ. ಅಲ್ಲಿ ಏನೂ ಸಿಗಲಿಲ್ಲ.

ಆದರೆ ಆ ಡಿಜೈನಿನ ಸೀರೆ ಮನೆಯಲ್ಲೇ ಇತ್ತು. ಬೂದುಗಾಜು ಹಿಡಿದು ಎಳೆ ಎಣಿಸಿ ಚೌಕಳಿ ಹಾಳೆಯ ಮೇಲೆ ಬರೆದು ಮತ್ತೆ ತಯಾರಿಸಿದರು. ಇನ್ನೆರಡು ಡಿಜೈನು ಜಕಾರ್ಡಿನ ಕಾರ್ಡು ಕೊರೆಯುವವರ ಕಂಪ್ಯೂಟರಿನಲ್ಲಿ ಸಿಕ್ಕವು. ಫೈಲು ಹಿಂದೆ ಎಲ್ಲೆಲ್ಲಿ ಹೋಗಿತ್ತು ಎಂದು ಕೂತು ನೆನಪಿಸಿಕೊಳ್ಳಬೇಕು: ಪ್ರಿಂಟ್ ತೆಗೆಸಿದ ಅಂಗಡಿ, ಕಳಿಸಿದ ಇಮೇಲು, ಹಳೇ ಪೆನ್‌ಡ್ರೈವು.

ಹಣ ಕೊಡುವ ಮುನ್ನ

ಉತಾರ, ಹಕ್ಕು ಬದಲಾವಣೆಯ ಕಾಗದ ಅಳಿಸಿದ್ದರೆ ಅದನ್ನು ಹುಡುಕಲು ಹಣ ಸುರಿಯಬೇಡಿ. ಅವು ಭೂಮಿ ದಾಖಲೆಯಲ್ಲಿವೆ, ಮತ್ತೆ ತೆಗೆಸಿಕೊಳ್ಳಬಹುದು. ನೋಂದಾಯಿಸಿದ ಖರೀದಿ ಪತ್ರದ ನಕಲು ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ.

ಹಾರ್ಡ್ ಡಿಸ್ಕು ಟಕ್ ಟಕ್ ಶಬ್ದ ಮಾಡುತ್ತಿದ್ದರೆ ಯಾವ ಪ್ರೋಗ್ರಾಮೂ ಓಡಿಸಬೇಡಿ. ಅದು ಅಳಿಸಿದ ದೋಷವಲ್ಲ, ಯಂತ್ರದ ದೋಷ. ಓಡಿಸಿದಷ್ಟೂ ಒಳಗಿನದು ಕೆಡುತ್ತದೆ. ಅದಕ್ಕೆ ದೊಡ್ಡ ಊರಿನ ನುರಿತವರೇ ಬೇಕು. ಯಾರಿಗೆ ಕೊಟ್ಟರೂ ಮೊದಲು ಎರಡು ಮಾತು ಕೇಳಿರಿ: ಸಿಗದಿದ್ದರೆ ಎಷ್ಟು ತೆಗೆದುಕೊಳ್ಳುತ್ತೀರಿ? ಸಿಕ್ಕದ್ದನ್ನು ತೋರಿಸಿ ಆಮೇಲೆ ಹಣ ಕೇಳುತ್ತೀರಾ?

ಎರಡನೇ ಪ್ರತಿ

ನಮ್ಮ ಮುಧೋಳದ ರನ್ನ ಬರೆದ ಪರಶುರಾಮ ಚರಿತ, ಚಕ್ರೇಶ್ವರ ಚರಿತ ಎಂಬ ಎರಡು ಕಾವ್ಯಗಳ ಹೆಸರಷ್ಟೇ ಈಗ ಉಳಿದಿದೆ, ಕಾವ್ಯ ಸಿಕ್ಕಿಲ್ಲ. ಅದೇ ರನ್ನನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿ ಬರೆಸಿ ಹಂಚಿದಳು. ಅದು ಇವತ್ತಿಗೂ ಇದೆ. ತಾಳೆಗರಿಯ ಕಾಲದ ಆ ಉಪಾಯವೇ ಈಗಲೂ ನಡೆಯುತ್ತದೆ.

ನಮಗೆ ಸಾವಿರ ಬೇಡ, ಎರಡು ಸಾಕು. ಬೀಜದ ಜೋಳವನ್ನು ನಾವು ಬೇರೆ ತೆಗೆದು ಇಡುವುದಿಲ್ಲವೇ? ಹಾಗೆ ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಮುಖ್ಯ ಫೋಟೊ, ಕಾಗದಗಳನ್ನು ಒಂದು ಪೆನ್‌ಡ್ರೈವಿಗೆ ಇಳಿಸಿರಿ. ಅದನ್ನು ಅದೇ ಮನೆಯಲ್ಲಿ ಇಡಬೇಡಿ, ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇಡಿ. ನದಿದಂಡೆಯವರಂತೂ ಎತ್ತರದ ಊರಿನ ನೆಂಟರ ಮನೆಯಲ್ಲೇ ಇಡುವುದು ಒಳ್ಳೆಯದು.