ಬೆಂಗಳೂರಿಗೆ ಸಾನ್‌ಫ್ರಾನ್ಸಿಸ್ಕೋ ಎಷ್ಟು ದೂರ?

ನಮ್ಮ ಹಳ್ಳಿಯಲ್ಲಿ ದಾರಿ ಕೇಳಿದವರಿಗೆ ಮೈಲಿಯ ಲೆಕ್ಕ ಹೇಳುವ ರೂಢಿಯಿಲ್ಲ. ಒಂದು ಎಲೆಯಡಿಕೆ ಮೆಲ್ಲುವಷ್ಟು ಹೊತ್ತು ಎಂದೋ, ಹೊತ್ತು ಮುಳುಗುವುದರೊಳಗೆ ಮುಟ್ಟುವಿರಿ ಎಂದೋ ಹೇಳುತ್ತಾರೆ. 2023ರ ಡಿಸೆಂಬರಿನಲ್ಲಿ ಎದುರು ಮನೆಯ ಅಜ್ಜಿ ತೀರಿಕೊಂಡಾಗಲೂ ಹಿರಿಯರು ಕೇಳಿದ್ದು ಇದನ್ನೇ. ಒಬ್ಬನೇ ಮಗ ಅಮೆರಿಕೆಯ ಸಾನ್‌ಫ್ರಾನ್ಸಿಸ್ಕೋದಲ್ಲಿ. ಶುಕ್ರವಾರ ರಾತ್ರಿ 9ಕ್ಕೆ ವಿಮಾನ, ನೇರ ಬೆಂಗಳೂರಿಗೆ, ಸುಮಾರು 18 ಗಂಟೆಯ ಪ್ರಯಾಣ. ಯಾವಾಗ ಬಂದಾನು? ಬೀದಿಗೆ ಕಾಲೇಜು ಸೇರಿದವನು ನಾನೊಬ್ಬನೇ. ಬೆರಳೆಣಿಸಿ, "ಶನಿವಾರ ಮಧ್ಯಾಹ್ನ 3ಕ್ಕೆ ಬೆಂಗಳೂರು" ಎಂದುಬಿಟ್ಟೆ.

ಕೂಡಿಸಿದ್ದು ಸರಿ, ಗಡಿಯಾರ ತಪ್ಪು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದಷ್ಟೆ. ನಮ್ಮ ಕಾಲ ಪೂರ್ವದ 82½ ಡಿಗ್ರಿ ರೇಖಾಂಶದ್ದು. ಅವರ ಚಳಿಗಾಲದ ಕಾಲ ಪಶ್ಚಿಮದ 120 ಡಿಗ್ರಿಯದು. ಎರಡನ್ನೂ ಕೂಡಿಸಿ 15ರಿಂದ ಭಾಗಿಸಿದರೆ ಹದಿಮೂರೂವರೆ ಗಂಟೆ. ಅವರ ಶುಕ್ರವಾರ ರಾತ್ರಿ 9 ಎಂದರೆ ನಮಗೆ ಆಗಲೇ ಶನಿವಾರ ಬೆಳಿಗ್ಗೆ ಹತ್ತೂವರೆ! ವಿಮಾನ ಇಳಿದದ್ದು ಭಾನುವಾರ ನಸುಕಿನಲ್ಲಿ. ಶನಿವಾರ ಸಂಜೆಯವರೆಗೆ ಕಾದು, ಹೊತ್ತು ಮುಳುಗುವ ಮುನ್ನ ಸಂಸ್ಕಾರ ಮುಗಿಸಿದ್ದರು. ಮೊದಲೇ ಗೊತ್ತಿದ್ದರೆ ಐಸಿನ ಪೆಟ್ಟಿಗೆ ತರಿಸುತ್ತಿದ್ದೆವೆಂದು ಯಾರೋ ಅಂದರು. ನನ್ನನ್ನು ಯಾರೂ ಬೈಯಲಿಲ್ಲ.

ಆಮೇಲೆ ಭೂಗೋಳ ವಿಭಾಗಕ್ಕೆ ಹೋಗಿ 30 ಸೆಂಟಿಮೀಟರ್ ವ್ಯಾಸದ ಗೋಲದ ಮೇಲೆ ಎರಡು ಊರಿಗೂ ದಾರ ಬಿಗಿಹಿಡಿದೆ. ದಾರ ಜಪಾನಿನ ಕಡೆಗೆ ಹೋಗುವುದೆಂದುಕೊಂಡಿದ್ದೆ. ಅದು ಚೀನಾ, ಮಂಗೋಲಿಯಾ, ಸೈಬೀರಿಯಾ ಹಾಯ್ದು ಅಲಾಸ್ಕದ ಮೇಲೆ ಇಳಿಯಿತು! ಉದ್ದ 33 ಸೆಂಟಿಮೀಟರ್. ಭೂಮಿಯ ಸುತ್ತಳತೆಗೆ ಹೋಲಿಸಿದರೆ ಸುಮಾರು 14,000 ಕಿಲೋಮೀಟರ್. ಗೋಡೆಯ ನಕ್ಷೆಯಲ್ಲಿ ನೇರವಾಗಿ ಕಾಣುವ ಗೆರೆಯನ್ನೇ ಹಿಡಿದು ಹಾರಿದರೆ 16,000 ದಾಟುತ್ತದೆ. ಗುಂಡಗಿನ ಭೂಮಿಯನ್ನು ಚಪ್ಪಟೆ ಮಾಡಿದುದರ ಫಲವಿದು.

ಹಾಗೆಂದು ವಿಮಾನ ದಾರದ ಗೆರೆಯನ್ನೇ ಹಿಡಿಯುವುದಿಲ್ಲ. 2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಸಂಗಡದ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲೆಯೇ ಹಾರಿಸಿಕೊಂಡು 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಸಿದರು. ಕಾರಣ ಗಾಳಿ. ನಡು ಅಕ್ಷಾಂಶಗಳಲ್ಲಿ ಹತ್ತು ಕಿಲೋಮೀಟರ್ ಎತ್ತರದ ಹೊತ್ತಿಗೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿ ಗಂಟೆಗೆ 200 ಕಿಲೋಮೀಟರ್ ಮೀರುವುದುಂಟು. ನಮ್ಮಿಂದ ಹೋಗುವವರಿಗೆ ಅದು ಬೆನ್ನಿಗೆ, ಬರುವವರಿಗೆ ಎದುರಿಗೆ. ಭೂಮಿ ತಿರುಗುವುದರಿಂದಲೇ ಈ ಹೆಚ್ಚುಕಡಿಮೆ ಎನ್ನುವ ಗೆಳೆಯರಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಆದರೆ ವಾಯುಮಂಡಲವೂ ಭೂಮಿಯೊಡನೆಯೇ ತಿರುಗುತ್ತದಲ್ಲ!

ಆ ಚಳಿಗಾಲ ಹೋಗುವ ಪ್ರಯಾಣಕ್ಕೆ ಸುಮಾರು 16 ಗಂಟೆ ಹಿಡಿಯುತ್ತಿತ್ತು. ಹದಿನೈದು ದಿನ ಕಳೆದು ಆ ಮಗ ಹಿಂದಿರುಗುವಾಗ, ಮಧ್ಯಾಹ್ನ ಎರಡೂವರೆಗೆ ಬೆಂಗಳೂರು ಬಿಟ್ಟರೆ ಅದೇ ದಿನ ಸಂಜೆ 5ರ ಸುಮಾರಿಗೆ ಅಲ್ಲಿರುತ್ತಾರೆಂದು ತಂದೆಗೆ ಹೇಳಿದೆ. ಅವರು ನಂಬದೆ ಆ ಸಂಜೆ ಫೋನು ಮಾಡಿಸಿದರು. ಅಲ್ಲಿ ಆಗಿನ್ನೂ ನಸುಕಿನ ಮೂರೂವರೆ, ಫೋನು ಹತ್ತಲಿಲ್ಲ.