ಯಾವುದರ ಶೇಕಡಾ?

500 ರೂಪಾಯಿಯ ಸೀರೆಗೆ ಮೊದಲು ಶೇ. 20 ಬೆಲೆ ಏರಿಸಿ, ಆಮೇಲೆ ಶೇ. 20 ರಿಯಾಯಿತಿ ಕೊಟ್ಟರೆ ಕೊನೆಯ ಬೆಲೆ ಎಷ್ಟು? ಎಷ್ಟೋ ಮಕ್ಕಳು ಥಟ್ಟನೆ 500 ಎನ್ನುತ್ತಾರೆ, ಸರಿಯುತ್ತರ 480. ಎಡವಿದ್ದು ಗುಣಾಕಾರದಲ್ಲಲ್ಲ, ‘ಯಾವುದರ ಶೇಕಡಾ?’ ಎಂದು ಕೇಳಿಕೊಳ್ಳದೆ ಹೋದದ್ದರಲ್ಲಿ. ಏರಿದ್ದು 500ರ ಮೇಲೆ, 100 ರೂಪಾಯಿ. ಇಳಿದದ್ದು 600ರ ಮೇಲೆ, 120. ಆದ್ದರಿಂದ ಪ್ರತಿ ಹಂತದಲ್ಲೂ ಮೂಲ ಮೊತ್ತವನ್ನು ಬರೆದುಕೊಂಡೇ ಮಗು ಮುಂದೆ ಹೋಗಲಿ. ಪರೀಕ್ಷೆಯಲ್ಲಿ ಅಷ್ಟು ಸಮಯವೆಲ್ಲಿ, ಸೂತ್ರ ಬಾಯಿಪಾಠವಿದ್ದರೆ ಸಾಲದೇ ಎಂದು ನೀವು ಕೇಳಬಹುದು; ಸಹಜವೇ. ಆದರೆ ಯಾವ ಸಂಖ್ಯೆ ತುಂಬಬೇಕೆಂದು ಸೂತ್ರ ತಾನಾಗಿ ಹೇಳುವುದಿಲ್ಲ. 480 ಕೊಟ್ಟು ರಿಯಾಯಿತಿಗೆ ಮುಂಚಿನ ಬೆಲೆ ಕೇಳಿ ನೋಡಿ: 480 ಎಂಬುದು ಮೂಲ ಮೊತ್ತದ ಶೇ. 80 ಎಂದು ಕಂಡ ಮಗು 600ಕ್ಕೆ ತಲುಪುತ್ತದೆ. ಸೂತ್ರವನ್ನಷ್ಟೇ ನೆಚ್ಚಿದ ಮಗು 480ಕ್ಕೇ ಶೇ. 20 ಕೂಡಿಸಿ 576 ಎಂದು ಬರೆದುಬಿಡುತ್ತದೆ.