ಛಲೋ ಬಂದೈತಿ ಅನ್ನುವವರಿಗೆ ತೋರಿಸಬೇಡ

ಪ್ರೀತಿಯ ತಂಗಿ,

ನಿನ್ನ ಪತ್ರವೂ ಅದರ ಜೊತೆ ಮಡಚಿಟ್ಟ ನಾಲ್ಕು ಚಿತ್ರಗಳೂ ಸಿಕ್ಕವು. ಸಿನಿಮಾ ನಟರ ಮೂರು ಮುಖಗಳಲ್ಲಿ ಒಂದೊಂದು ಕೂದಲನ್ನೂ ಬಿಡದೆ ಬರೆದಿದ್ದೀಯ. ಅಷ್ಟು ತಾಳ್ಮೆಯ ಕೈ ಎಲ್ಲರಿಗೂ ಇರುವುದಿಲ್ಲ. ಆದರೆ ನಾಲ್ಕನೆಯ ಹಾಳೆಯಲ್ಲಿ ನಿನ್ನ ಅಜ್ಜಿಯನ್ನು ಎದುರಿಗೆ ಕೂಡಿಸಿಕೊಂಡು ಬರೆದಿದ್ದೀಯಲ್ಲ, ಅಲ್ಲಿ ಆಕೆಯ ಮೊಣಕಾಲು ಯಾವುದು, ಕೂತ ನೆಲ ಯಾವುದು ಎಂದು ತಿಳಿಯುವುದಿಲ್ಲ. ಮೊದಲ ಮೂರು ಮೊಬೈಲ್ ಫೋಟೊ ನೋಡಿ ಬರೆದವು. ಫೋಟೊದಲ್ಲಿ ಉಬ್ಬು, ತಗ್ಗು, ದೂರ, ಹತ್ತಿರ ಎಲ್ಲವನ್ನೂ ಕ್ಯಾಮೆರಾ ಮೊದಲೇ ಚಪ್ಪಟೆ ಮಾಡಿ ಕೊಟ್ಟಿರುತ್ತದೆ. ನೀನು ಕಲಿಯಬೇಕಾದ ಮೊದಲ ಕೆಲಸವನ್ನೇ ಅದು ಮುಗಿಸಿಬಿಟ್ಟಿರುತ್ತದೆ. ನನಗೆ ಆಸೆ ಹುಟ್ಟಿಸಿದ್ದು ಆ ನಾಲ್ಕನೆಯ ಹಾಳೆ.

ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ್ ಇಲ್ಲ, ಗದಗಕ್ಕೋ ಧಾರವಾಡಕ್ಕೋ ಹೋಗುವವರೆಗೆ ಏನು ಮಾಡಲಿ ಎಂದು ಕೇಳಿದ್ದೀಯ. ಗದಗದಲ್ಲಿ ಟಿ.ಪಿ. ಅಕ್ಕಿಯವರು, ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು ಕಲಾಶಾಲೆ ಕಟ್ಟಿದ್ದರಿಂದಲೇ ನಮ್ಮ ಸೀಮೆಯ ಎಷ್ಟೋ ಹುಡುಗರ ಕೈಗೆ ಬ್ರಷ್ಷು ಬಂತು. ನಿಮ್ಮ ನೆರೆಯ ಬಾದಾಮಿಯಲ್ಲಿ ಹುಟ್ಟಿದ ಆರ್.ಎಂ. ಹಡಪದರು ಬೆಂಗಳೂರಿಗೆ ಹೋಗಿ ಕೆನ್ ಕಲಾಶಾಲೆಯನ್ನೇ ಕಟ್ಟಿದರು. ನೀನೂ ಹೋಗಬೇಕು. ಆದರೆ ಮಾಸ್ತರ್ ಸಿಗುವವರೆಗೆ ಕಾಯುತ್ತ ಕೂಡಬೇಡ. ಬುನಾದಿಯ ಪಾಠ ನಿನ್ನ ಊರಿನ ಬಯಲಿನಲ್ಲೇ ಬಿದ್ದಿದೆ.

ಕ್ಷಿತಿಜದ ಗೆರೆಯನ್ನೇ ತಗೋ. ಮಲೆನಾಡಿನ ಮಕ್ಕಳು ಅದನ್ನು ಮರಗುಡ್ಡಗಳ ಹಿಂದೆ ಊಹಿಸಿಕೊಳ್ಳಬೇಕು. ರೋಣ, ನರಗುಂದದ ಎರಿ ಹೊಲದಲ್ಲಿ ಅದು ಈ ತುದಿಯಿಂದ ಆ ತುದಿಗೆ ಬಿಚ್ಚಿಕೊಂಡು ಕಾಣುತ್ತದೆ. ಆ ಗೆರೆ ಯಾವಾಗಲೂ ನೋಡುವವರ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ಹೊಲದಲ್ಲಿ ಕೂತು, ಮುಂದೆ ನಿಂತ ಕರುವನ್ನು ಬರೆ: ಅದರ ಬೆನ್ನು ಗೆರೆಗಿಂತ ಮೇಲಿರುತ್ತದೆ. ಎದ್ದು ನಿಂತು ಅದೇ ಕರುವನ್ನು ಬರೆ: ಬೆನ್ನು ಗೆರೆಯ ಕೆಳಗೆ ಇಳಿದಿರುತ್ತದೆ. ಇನ್ನೊಂದು ದಿನ ನರಗುಂದದ ಗುಡ್ಡ ಹತ್ತು. ನಡುವೆ ಒಮ್ಮೆ, ಮೇಲೆ ಒಮ್ಮೆ ಕೂತು ಬರೆ. ನೀನು ಏರಿದಂತೆಲ್ಲ ಗೆರೆಯೂ ಏರುತ್ತದೆ, ಊರಿನ ಮಾಳಿಗೆ ಮನೆಗಳು ಅದರ ಕೆಳಗೆ ಹರಡುತ್ತ ಹೋಗುತ್ತವೆ. ಗಜೇಂದ್ರಗಡದ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳಿವೆಯಲ್ಲ, ಹತ್ತಿರದ್ದು ಎಷ್ಟೆತ್ತರ, ದೂರದ್ದು ಎಷ್ಟೆತ್ತರ ಕಾಣುತ್ತದೆ ಎಂದು ತೋಳು ನೆಟ್ಟಗೆ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ಲಿನ ಮೇಲೆ ಹೆಬ್ಬೆರಳು ಸರಿಸಿ ಅಳೆ. ಪರ್ಸ್‌ಪೆಕ್ಟಿವ್ ಎಂದು ಹೆದರಿಸುವ ಪಾಠದ ಅರ್ಧ ಇಷ್ಟೇ.

ಅಡುಗೆಮನೆಯ ಡಬ್ಬಿಯೂ ಇದನ್ನೇ ಹೇಳುತ್ತದೆ. ಡಬ್ಬಿಯ ಬಾಯಿ ಕಣ್ಣಿನ ಮಟ್ಟಕ್ಕೆ ಬಂದರೆ ಬರೀ ಗೆರೆ. ಕೆಳಗೆ ಇಳಿಸಿದಂತೆ ಅದು ತೆರೆದುಕೊಳ್ಳುತ್ತದೆ. ತಳ ಬಾಯಿಗಿಂತಲೂ ಕೆಳಗಿರುವುದರಿಂದ ಅದರ ಬಾಗು ಇನ್ನೂ ಹೆಚ್ಚು. ಚಿತ್ರಕಲೆಯ ಲೋಯರ್ ಗ್ರೇಡ್ ಪರೀಕ್ಷೆಗೆ ಕೂಡುವ ಮಕ್ಕಳು ಬಾಯನ್ನು ಚಂದ ದುಂಡಗೆ ಬರೆದು, ತಳಕ್ಕೆ ಸ್ಕೇಲು ಇಟ್ಟ ಹಾಗೆ ಅಡ್ಡ ಗೆರೆ ಎಳೆದುಬಿಡುತ್ತಾರೆ. ಕಣ್ಣು ನೋಡಿದ್ದನ್ನು ಬಿಟ್ಟು, ಡಬ್ಬಿಯ ತಳ ಸಪಾಟು ಎಂದು ತಲೆಗೆ ಗೊತ್ತಿರುವುದನ್ನು ಬರೆಯುತ್ತಾರೆ.

ಇದಕ್ಕೆಲ್ಲ ದುಬಾರಿ ಹಾಳೆ ಬೇಡ. ಗೆರೆಯಿಲ್ಲದ ಒಂದು ನೋಟ್‌ಬುಕ್, ಒಂದು 2ಬಿ ಪೆನ್ಸಿಲ್ ಸಾಕು. ರಬ್ಬರನ್ನು ಮನೆಯಲ್ಲೇ ಬಿಡು. ತಪ್ಪಿದ ಗೆರೆ ಇರಲಿ, ಅದರ ಪಕ್ಕ ಸರಿಯಾದದ್ದನ್ನು ಎಳೆ. ತಾರೀಖು ಹಾಕು, ಹಾಳೆ ಹರಿಯಬೇಡ. ಜಪಾನಿನ ಹೊಕುಸಾಯಿ ಎಂಬ ಚಿತ್ರಗಾರ ಕುಸ್ತಿಪಟು, ಬಡಗಿ, ಹಕ್ಕಿ, ಹುಳ ಎನ್ನದೆ ಕಂಡದ್ದೆಲ್ಲ ಬರೆದಿದ್ದ. ಆ ರೇಖಾಚಿತ್ರಗಳ ಮೊದಲ ಪುಸ್ತಕ 1814ರಲ್ಲಿ ಅಚ್ಚಾದಾಗ ಅವನಿಗೆ ಐವತ್ತು ದಾಟಿತ್ತು. ಕೊನೆಗೆ ಅವು 15 ಸಂಪುಟಗಳಾದವು. ನಮ್ಮ ಕೆ.ಕೆ. ಹೆಬ್ಬಾರರು ರೇಖೆಯಲ್ಲಿ ಲಯ ಹಿಡಿಯಬೇಕೆಂದು ಕಥಕ್ ನೃತ್ಯವನ್ನೇ ಕಲಿತರು. ಬನದ ಹುಣ್ಣಿವಿಗೆ ಬನಶಂಕರಿ ಜಾತ್ರೆಗೆ ಹೋದಾಗ ನೋಟ್‌ಬುಕ್ ಚೀಲದಲ್ಲಿರಲಿ. ಸಂತೆಯಲ್ಲಿ ಬುಟ್ಟಿ ಎತ್ತುವ ಹೆಣ್ಣುಮಗಳು ನಿನಗಾಗಿ ನಿಲ್ಲುವುದಿಲ್ಲ. ಬೆನ್ನು ಬಾಗಿದ ಒಂದೇ ಗೆರೆ ಸಿಕ್ಕರೂ ಆ ಹಾಳೆ ಸಾರ್ಥಕ.

ಈಗ ಮುಖ್ಯ ಮಾತು. ನೀನು ಬರೆದದ್ದನ್ನು ಯಾರಿಗೆ ತೋರಿಸುತ್ತೀ? ಮನೆಯವರು ‘ಛಲೋ ಬಂದೈತಿ’ ಅನ್ನುತ್ತಾರೆ, ಮೊಬೈಲಿನಲ್ಲಿ ಹಾಕಿದರೆ ಗೆಳತಿಯರು ಹೃದಯದ ಗುರುತು ಒತ್ತುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಆ ಮಾತಿನ ಮುಂದೆ ಮಾತಿಲ್ಲ, ನೀನು ಇದ್ದಲ್ಲೇ ಉಳಿಯುತ್ತೀ. ಚಿತ್ರವನ್ನು ಒಂದನ್ನೇ ನೋಡಿದರೆ ಚಂದವೋ ಅಲ್ಲವೋ ಅನ್ನುವುದಷ್ಟೇ ಸಾಧ್ಯ. ತಪ್ಪು ಕಾಣಬೇಕಾದರೆ ಚಿತ್ರ ಮತ್ತು ವಸ್ತು ಎರಡೂ ಒಟ್ಟಿಗೆ ಕಣ್ಣ ಮುಂದಿರಬೇಕು.

ಅದಕ್ಕೇ ಚಿತ್ರ ಬರೆಯುವ ಇಬ್ಬರು ಗೆಳತಿಯರನ್ನು ಹುಡುಕಿಕೊಂಡು ಸೂಡಿಗೆ ಹೋಗು. ಚಾಲುಕ್ಯರ ಕಾಲದ ಜೋಡುಕಳಸದ ಗುಡಿ ಇದೆ, ಮೆಟ್ಟಿಲಿಳಿಯುವ ನಾಗಕುಂಡ ಇದೆ. ಕುಂಡದ ಮೂರು ಕಡೆ ಮೂವರು ಕೂತು ಅರ್ಧ ತಾಸು ಬರೆಯಿರಿ. ಆಮೇಲೆ ಪುಸ್ತಕಗಳನ್ನು ಅಲ್ಲಲ್ಲೇ ಬಿಟ್ಟು ಜಾಗ ಬದಲಿಸಿರಿ. ನೀನು ಕೂತಿದ್ದ ಕಲ್ಲಿನ ಮೇಲೆ ನಿನ್ನ ಗೆಳತಿ ಕೂತು, ನಿನ್ನ ಪುಸ್ತಕವನ್ನು ತೊಡೆಯ ಮೇಲಿಟ್ಟು, ನೀನು ನೋಡಿದ್ದನ್ನೇ ನೋಡಲಿ. ‘ಆ ಮೆಟ್ಟಿಲು ಇಷ್ಟು ಕಡಿದಾಗಿಲ್ಲ, ಈ ಗೂಡು ಇನ್ನೂ ಎಡಕ್ಕೆ ಬರಬೇಕು’ ಎಂದು ಬೆರಳು ಮಾಡಿ ತೋರಿಸಲಿ. ಅವಳು ನಿನ್ನ ಹಾಳೆಯ ಮೇಲೆ ಗೆರೆ ಎಳೆಯಬಾರದು; ತಿದ್ದುವುದು ನಿನ್ನ ಕೈಯ ಕೆಲಸ. ನೀನು ಉತ್ತರ ಕೊಡುವ ಮೊದಲು ಮತ್ತೆ ಅಲ್ಲಿ ಹೋಗಿ ಕೂತು ನೋಡಬೇಕು. ಅವಳು ಹೇಳಿದ್ದೇ ತಪ್ಪಿರಬಹುದು. ಅದನ್ನು ತೀರ್ಮಾನಿಸಲು ಕಲ್ಲು ಎದುರಿಗೇ ಇದೆಯಲ್ಲ, ಜಗಳಕ್ಕೆ ಆಸ್ಪದವಿಲ್ಲ.

ಚಿತ್ರ ಬರೆಯಲು ಬಾರದವರನ್ನೂ ಕೇಳು. ಗಜೇಂದ್ರಗಡದಲ್ಲಿ ಮಗ್ಗದ ಮುಂದೆ ಕೂತು ಬರೆದರೆ ನೇಕಾರರಿಗೇ ತೋರಿಸು. ಲಾಳಿ ಹಿಡಿದ ಕೈ ಸುಳ್ಳಾಗಿದ್ದರೆ ಅವರಿಗೆ ತಟ್ಟನೆ ತಿಳಿಯುತ್ತದೆ. ಬಿತ್ತುವ ಕೂರಿಗಿ ಬರೆದರೆ ನಿನ್ನಪ್ಪನಿಗೆ ತೋರಿಸು. ಬಟ್ಟಲಿನಿಂದ ಬೀಜ ಇಳಿದು ತಾಳಿನ ಬುಡಕ್ಕೆ ಬರಬೇಕು, ನಿನ್ನ ಚಿತ್ರದಲ್ಲಿ ದಾರಿಯೇ ಇಲ್ಲ ಎಂದು ಅವರು ಹೇಳಿದರೆ, ಅದಕ್ಕಿಂತ ದೊಡ್ಡ ವಿಮರ್ಶೆ ಯಾವ ಕಲಾಶಾಲೆಯಲ್ಲೂ ಸಿಗದು.

ಕೆಲವು ವಾರ ಚಿತ್ರಗಳು ಮೊದಲಿಗಿಂತ ಕೆಟ್ಟದಾಗಿ ಕಾಣುತ್ತವೆ. ಕಣ್ಣು ಕೈಗಿಂತ ಮುಂದೆ ಹೋದಾಗ ಹಾಗಾಗುತ್ತದೆ. ಆ ಹೊತ್ತಿನಲ್ಲಿ ಮತ್ತೆ ನಟರ ಫೋಟೊಗೆ ಮರಳಬೇಡ. ಅಜ್ಜಿಯನ್ನು ಮತ್ತೊಮ್ಮೆ ಬರೆ, ಮೊಣಕಾಲಿನಿಂದಲೇ ಶುರುಮಾಡು.

ನೋಟ್‌ಬುಕ್ ತುಂಬಿದ ಮೇಲೆ ಒಂದು ಹಾಳೆಯನ್ನೂ ಆರಿಸದೆ, ಪೂರ್ತಿ ಪುಸ್ತಕ ತೆಗೆದುಕೊಂಡು ನಮ್ಮ ಮನೆಗೆ ಬಾ. ಒಬ್ಬಳೇ ಬರಬೇಡ, ಆ ಇಬ್ಬರನ್ನೂ ಕರೆದುಕೊಂಡು ಬಾ.

ನಿನ್ನ ಹಿತೈಷಿ